ಮಾಂಸದೊಡನೆ ಅಣಬೆ: ಕೆನೆ ಒಡೆಯದಂತೆ ಅಡುಗೆ ಮಾಡುವ ಕ್ರಮ

ಸೋಮವಾರಪೇಟೆ ತಾಲ್ಲೂಕಿನ ಮಾದಾಪುರದಲ್ಲಿ ರೈತ ಮಹಿಳೆಯರಿಗೆಂದು ಚಿಪ್ಪು ಅಣಬೆ ಬೇಸಾಯದ ಪ್ರಾತ್ಯಕ್ಷಿಕೆಯೊಂದನ್ನು ನಡೆಸಿದ್ದೆವು. ಹುಲ್ಲು ನೆನೆಸುವುದು, ಬೀಜ ಬೆರೆಸುವುದು, ಚೀಲ ಕಟ್ಟುವುದು ಎಲ್ಲವನ್ನೂ ಮಾಡಿ ತೋರಿಸಿದ ಮೇಲೆ, ಪ್ರಶ್ನೆಗಳಿದ್ದರೆ ಕೇಳಬಹುದು ಎಂದೆ. ಹಿಂದಿನ ಸಾಲಿನಲ್ಲಿದ್ದ ವಯಸ್ಸಾದ ತಾಯಿಯೊಬ್ಬರು ಎದ್ದು ನಿಂತರು. "ಬೆಳೆಯೋದನ್ನ ಹೇಳಿಕೊಟ್ರಿ ಸಾರ್, ತಿನ್ನೋದನ್ನ ಯಾರು ಹೇಳಿಕೊಡ್ತಾರೆ? ಹೋದ ವರ್ಷ ಹತ್ತು ಚೀಲ ಕಟ್ಟಿದ್ದೆ. ಎಲ್ಲಾ ಒಟ್ಟಿಗೇ ಬಂತು. ಮೂರು ದಿನ ಸಾರು ಮಾಡಿದೆ. ನಾಲ್ಕನೇ ದಿನ ಮೊಮ್ಮಕ್ಕಳು ತಟ್ಟೆ ತಳ್ಳಿದವು. ಉಳಿದದ್ದು ಗೊಬ್ಬರದ ಗುಂಡಿಗೆ ಹೋಯ್ತು" ಎಂದರು. ಸಭೆಯಲ್ಲಿ ಎಲ್ಲರೂ ನಕ್ಕರು. ಬೇಸಾಯಶಾಸ್ತ್ರ ಓದಿದ ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ. "ಆಗಲಿ ಅಮ್ಮ, ತಿಳಿದುಕೊಂಡು ಬರ್ತೇನೆ" ಎಂದು ಹೇಳಿ ಬಂದೆ.

ಆ ತಾಯಿಯ ದೂರು ಸಣ್ಣದಲ್ಲ. ಚಿಪ್ಪು ಅಣಬೆಯ ತೂಕದಲ್ಲಿ ಸುಮಾರು ಶೇ. 90 ಭಾಗ ನೀರು. ಕೊಯ್ದ ಮೇಲೂ ಅದು ಉಸಿರಾಡುತ್ತಲೇ ಇರುತ್ತದೆ. ಎರಡನೆಯ ದಿನಕ್ಕೆ ಅಂಚು ಹಳದಿಗಟ್ಟಿ ಜಿಗುಟಾಗುತ್ತದೆ. ಪೇಟೆ ದೂರವಿದ್ದು, ಮಳೆಗೆ ರಸ್ತೆಯೂ ಕೆಟ್ಟಿದ್ದರೆ ಮನೆಯಲ್ಲೇ ತಿಂದು ಮುಗಿಸಬೇಕು. ಒಂದೇ ರೀತಿಯ ಅಡುಗೆಗೆ ಮನೆಮಂದಿ ಬೇಸತ್ತರೆ ಮುಂದಿನ ವರ್ಷ ಚೀಲ ಕಟ್ಟುವ ಉತ್ಸಾಹವೇ ಉಳಿಯುವುದಿಲ್ಲ. ಆದುದರಿಂದ ಒಂದೇ ಹೊತ್ತಿನ ಊಟಕ್ಕೆ ಅರ್ಧ ಕಿಲೋ ಅಣಬೆಯನ್ನು ಮುಗಿಸಿಕೊಡುವ, ಮಕ್ಕಳೂ ಕೇಳಿ ಹಾಕಿಸಿಕೊಳ್ಳುವ ಅಡುಗೆಯೊಂದನ್ನು ಇಲ್ಲಿ ವಿವರಿಸಲಾಗಿದೆ. ತೆಳ್ಳಗೆ ಸೀಳಿದ ಮಾಂಸ, ಹುರಿದ ಅಣಬೆ ಮತ್ತು ಕೆನೆ ಸೇರಿದ ಗಟ್ಟಿ ರಸ, ಇಷ್ಟೇ ಅದರ ತಿರುಳು.

ಹೊಟೇಲುಗಳಲ್ಲಿ ಇದನ್ನು ಬೀಫ್ ಸ್ಟ್ರೋಗನಾಫ್ ಎನ್ನುತ್ತಾರೆ. ರಷ್ಯಾದ ಸ್ಟ್ರೋಗನಾಫ್ ಎಂಬ ಸಿರಿವಂತ ಮನೆತನದ ಹೆಸರು ಇದಕ್ಕೆ ಅಂಟಿಕೊಂಡಿದೆ. ಎಲೆನಾ ಮೊಲೊಖೊವೆತ್ಸ್ ಎಂಬ ಮಹಿಳೆ ರಷ್ಯಾದ ಗೃಹಿಣಿಯರಿಗಾಗಿ ಬರೆದ ಅಡುಗೆ ಪುಸ್ತಕದ 1871ರ ಮುದ್ರಣದಲ್ಲಿ ಇದರ ವಿವರ ಬಂದಿದೆ. ಅದರಲ್ಲಿ ದನದ ಮಾಂಸ, ಸಾಸಿವೆ, ಹುಳಿ ಕೆನೆ ಇವೆ. ಅಣಬೆಯ ಸುಳಿವೇ ಇಲ್ಲ! ಅಣಬೆ ಸೇರಿದ್ದು ಅನಂತರ. ನಮ್ಮಲ್ಲಿ ಯಾವ ಮಾಂಸ ಎಂಬುದನ್ನು ಆಯಾ ಮನೆಯ ಆಚಾರಕ್ಕೆ ಬಿಡಬೇಕು. ಕೊಡವರ ಮನೆಗಳಲ್ಲಿ ದನದ ಮಾಂಸ ಬಳಸುವುದಿಲ್ಲ, ಹಂದಿಮಾಂಸ ಉಂಟು. ಬಳಸುವ ಮನೆಗಳೂ ಜಿಲ್ಲೆಯಲ್ಲಿವೆ. ಮೇಲಾಗಿ 2021ರಲ್ಲಿ ನಮ್ಮ ರಾಜ್ಯದಲ್ಲಿ ಜಾರಿಗೆ ಬಂದ ಕಾಯಿದೆಯು ಹಸು, ಕರು, ಎತ್ತುಗಳ ಮತ್ತು 13 ವರ್ಷದೊಳಗಿನ ಎಮ್ಮೆ ಕೋಣಗಳ ವಧೆಯನ್ನು ನಿಷೇಧಿಸಿದೆ. ಕುರಿ, ಕೋಳಿ, ಹಂದಿ ಇವುಗಳಲ್ಲಿ ಯಾವುದರಿಂದಲೂ ಈ ಅಡುಗೆ ಚೆನ್ನಾಗಿಯೇ ಆಗುತ್ತದೆ.

ಎರಡೂ ಏಕೆ ಒಂದಕ್ಕೊಂದು ಹೊಂದುತ್ತವೆ?

ಉಪ್ಪು, ಹುಳಿ, ಸಿಹಿ, ಕಹಿಗಳಲ್ಲದೆ ಬಾಯಿ ತುಂಬುವಂಥ ಇನ್ನೊಂದು ರುಚಿ ಉಂಟು. ಜಪಾನಿನ ಇಕೆಡಾ ಎಂಬ ವಿಜ್ಞಾನಿ 1908ರಲ್ಲಿ ಕಡಲಪಾಚಿಯ ಸಾರಿನಿಂದ ಈ ರುಚಿಗೆ ಕಾರಣವಾದ ಗ್ಲುಟಮೇಟ್ ವಸ್ತುವನ್ನು ಬೇರ್ಪಡಿಸಿದರು. ಅದಕ್ಕೆ ಅವರು ಕೊಟ್ಟ ಹೆಸರು ಉಮಾಮಿ. ಅಣಬೆಯಲ್ಲಿ ಗ್ಲುಟಮೇಟ್ ಧಾರಾಳವಾಗಿದೆ. ಮಾಂಸದಲ್ಲಿ ಇನೋಸಿನೇಟ್ ಎಂಬ ಇನ್ನೊಂದು ವಸ್ತು ಇದೆ. ಇವೆರಡೂ ಬಾಯಲ್ಲಿ ಒಟ್ಟಿಗೆ ಸೇರಿದಾಗ ಬರುವ ರುಚಿ, ಬೇರೆ ಬೇರೆಯಾಗಿ ತಿಂದಾಗಿನ ರುಚಿಗಳ ಮೊತ್ತಕ್ಕಿಂತ ಎಷ್ಟೋ ಹೆಚ್ಚು. ಆದುದರಿಂದ ಮಾಂಸದ ಪ್ರಮಾಣ ತಗ್ಗಿಸಿ ಅಣಬೆ ಹೆಚ್ಚಿಸಿದರೂ ಊಟ ಸಪ್ಪೆಯಾಗುವುದಿಲ್ಲ. ಒಂದು ಕಿಲೋ ಮಾಂಸ ತರುವ ಕಡೆ ಅರ್ಧ ಕಿಲೋ ಸಾಕು. ಮಾಂಸದ ಬೆಲೆ ನೋಡಿದರೆ ಇದು ಅಲಕ್ಷಿಸುವ ಮಾತಲ್ಲ.

ಅಣಬೆ ಯಾವುದು?

ಇಲ್ಲಿ ಸ್ವಲ್ಪ ನಿಂತು ಹೇಳಬೇಕಾದುದಿದೆ. ಕೊಡಗಿನವರಿಗೆ ಕುಮ್ಮು ಹೊಸತಲ್ಲ. ಮುಂಗಾರು ಹಿಡಿದು ಗುಡುಗು ಬಿದ್ದರೆ ಬುಟ್ಟಿ ಹಿಡಿದು ತೋಟಕ್ಕೆ ಹೋಗುವ ಮನೆಗಳು ಈಗಲೂ ಇವೆ. ಗೆದ್ದಲ ನೆಲದಿಂದ ಏಳುವ ಅಣಬೆಗಳ ರುಚಿಗೆ ಚೀಲದಲ್ಲಿ ಬೆಳೆದ ಅಣಬೆ ಸಮವಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಅದನ್ನೇ ಬೆಳೆಸಲಾಗದೆ ಎಂದು ಪ್ರತಿ ತರಬೇತಿಯಲ್ಲೂ ಕೇಳುತ್ತಾರೆ. ಆಗದು. ಗೆದ್ದಲುಗಳು ಹುತ್ತದೊಳಗೆ ತಮ್ಮ ಆಹಾರಕ್ಕಾಗಿ ಸಾಕಿಕೊಂಡ ಶಿಲೀಂಧ್ರವೇ ಮಳೆಗೆ ನೆಲದ ಮೇಲೆ ಕೊಡೆ ಬಿಚ್ಚುತ್ತದೆ. ಗೆದ್ದಲು ಇಲ್ಲದೆ ಆ ಅಣಬೆಯೂ ಇಲ್ಲ. ಔಷಧ ಸುರಿದು ಹುತ್ತಗಳನ್ನು ನಾಶ ಮಾಡಿದ ತೋಟದಲ್ಲಿ ಕುಮ್ಮು ಸಿಗುವುದಿಲ್ಲವೆಂದು ದೂರಿ ಪ್ರಯೋಜನವಿಲ್ಲ.

ಆದರೆ ಕಾಡಿನ ಅಣಬೆಯಲ್ಲಿ ತಪ್ಪಿಗೆ ತೆರುವ ಬೆಲೆ ಬಲು ದೊಡ್ಡದು. ವಿಷದ ಅಣಬೆ ಬೆಳ್ಳಿಯ ನಾಣ್ಯವನ್ನು ಕಪ್ಪಾಗಿಸುತ್ತದೆ, ಬೆಳ್ಳುಳ್ಳಿಯ ಬಣ್ಣ ತಿರುಗಿಸುತ್ತದೆ, ಹುಳು ಅಥವಾ ಬಸವನಹುಳು ತಿಂದದ್ದು ನಮಗೂ ಸುರಕ್ಷಿತ ಎಂಬ ಮಾತುಗಳನ್ನು ಹಲವು ಕಡೆ ಕೇಳಿದ್ದೇನೆ. ಇವುಗಳಲ್ಲಿ ಒಂದೂ ನಿಜವಲ್ಲ. ಚೆನ್ನಾಗಿ ಬೇಯಿಸಿದರೆ ವಿಷ ಹೋಗುತ್ತದೆ ಎಂಬುದೂ ಸುಳ್ಳು. ಅಮಾನಿಟ ಜಾತಿಯ ಕೆಲವು ಅಣಬೆಗಳಲ್ಲಿರುವ ವಿಷ ಕುದಿಯುವ ಶಾಖಕ್ಕೆ ನಾಶವಾಗುವುದಿಲ್ಲ. ಇಂಥ ಅಣಬೆಯ ಬುಡದಲ್ಲಿ ಚೀಲದಂಥ ಕವಚವೂ ಕಾಂಡದ ಮೇಲೆ ಉಂಗುರವೂ ಕೊಡೆಯ ಕೆಳಗೆ ಬಿಳಿಯ ಪದರಗಳೂ ಸಾಮಾನ್ಯವಾಗಿ ಇರುತ್ತವೆ. ಬುಡದ ಕವಚ ಮಣ್ಣಿನೊಳಗೆ ಇರುವುದರಿಂದ ಕಾಂಡ ಮುರಿದು ಕಿತ್ತವರಿಗೆ ಅದು ಕಾಣಿಸುವುದೇ ಇಲ್ಲ. ಹುಲ್ಲುಗಾವಲಿನಲ್ಲೂ ಮನೆಯಂಗಳದಲ್ಲೂ ಬರುವ ಇನ್ನೊಂದು ದೊಡ್ಡ ಕೊಡೆಯ ಅಣಬೆಯ ಪದರಗಳು ಎಳೆಯದರಲ್ಲಿ ಬಿಳಿಯಾಗಿದ್ದು ಬಲಿತಂತೆ ಹಸಿರಾಗುತ್ತವೆ. ಅದನ್ನು ತಿಂದರೆ ಕೆಲವೇ ಗಂಟೆಗಳಲ್ಲಿ ವಾಂತಿ ಭೇದಿ ಶುರುವಾಗುತ್ತದೆ.

ನಮ್ಮ ಎಸ್ಟೇಟುಗಳ ಲೈನುಮನೆಗಳಲ್ಲಿ ಈಗ ದೂರದ ರಾಜ್ಯಗಳಿಂದ ಬಂದ ಕೆಲಸಗಾರರು ಬಹಳ ಮಂದಿ ಇದ್ದಾರೆ. ಅವರಿಗೂ ತಮ್ಮ ಊರಿನ ಅಣಬೆಗಳ ಪರಿಚಯ ಚೆನ್ನಾಗಿಯೇ ಇರುತ್ತದೆ. ಅಪಾಯ ಇರುವುದೇ ಅಲ್ಲಿ. ತಮ್ಮ ಊರಿನದ್ದರಂತೆಯೇ ಕಾಣುವ ಇಲ್ಲಿನ ಅಣಬೆ ಅದೇ ಆಗಿರಬೇಕಿಲ್ಲ. ಭತ್ತದ ಹುಲ್ಲಿನ ಅಣಬೆಗೂ ಬುಡದಲ್ಲಿ ಚೀಲ ಇರುವುದರಿಂದ ಅದರ ಮೊಗ್ಗೆಂದು ತಿಳಿದು ವಿಷದ ಮೊಗ್ಗನ್ನು ಕಿತ್ತು ತಿಂದ ಪ್ರಸಂಗಗಳು ಹೊರದೇಶಗಳಿಗೆ ವಲಸೆ ಹೋದವರಲ್ಲಿ ನಡೆದಿವೆ. ತೋಟದ ಮಾಲೀಕರು ಮಳೆಗಾಲಕ್ಕೆ ಮುಂಚೆಯೇ ಈ ವಿಷಯವನ್ನು ಅವರಿಗೆ ಅವರ ಭಾಷೆಯಲ್ಲಿ ತಿಳಿಸುವುದು ಒಳ್ಳೆಯದು.

ಒಂದು ಲಕ್ಷಣವನ್ನು ಎಲ್ಲರೂ ನೆನಪಿಡಬೇಕು. ಪ್ರಾಣ ತೆಗೆಯುವ ವಿಷ ತಿಂದ ಕೂಡಲೆ ತೋರುವುದಿಲ್ಲ. 6ರಿಂದ 24 ಗಂಟೆಯ ತನಕ ಏನೂ ಆಗದೆ, ಆಮೇಲೆ ಜೋರಾಗಿ ವಾಂತಿ ಭೇದಿ ಹಿಡಿದು, ಮರುದಿನ ವಾಸಿಯಾದಂತೆ ಕಾಣುತ್ತದೆ. ಆ ಹೊತ್ತಿನಲ್ಲೇ ಒಳಗೆ ಯಕೃತ್ತು ಹಾಳಾಗುತ್ತಿರುತ್ತದೆ. ಆದುದರಿಂದ ವಾಸಿಯಾಯಿತೆಂದು ಮನೆಯಲ್ಲಿ ಕೂರದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಬೇಯಿಸದೆ ಉಳಿದ ಅಣಬೆ ಇದ್ದರೆ ಅದನ್ನೂ ಕಾಗದದಲ್ಲಿ ಸುತ್ತಿ ಒಯ್ಯಬೇಕು. ತಿಂದವರೆಲ್ಲರೂ, ಏನೂ ಆಗಿಲ್ಲವೆನ್ನುವವರೂ ಸಹ, ವೈದ್ಯರಿಗೆ ತೋರಿಸಿಕೊಳ್ಳಬೇಕು.

ಆದ್ದರಿಂದ ಈ ಅಡುಗೆಗೆ ನಾನು ಹೇಳುವುದು ಬೆಳೆದ ಅಣಬೆಯನ್ನೇ. ಪೇಟೆಯಲ್ಲಿ ಸಿಗುವ ಬಟನ್ ಅಣಬೆಯೂ ಆದೀತು. ಆದರೆ ಅದು ಕಾಂಪೋಸ್ಟಿನ ಮೇಲೆ, 14ರಿಂದ 18 ಡಿಗ್ರಿ ಸೆಂಟಿಗ್ರೇಡ್ ತಂಪಿನಲ್ಲಿ ಕಚ್ಚುವ ಬೆಳೆ. ಮನೆಯಲ್ಲಿ ಬೆಳೆಯುವುದು ಕಷ್ಟ. ಚಿಪ್ಪು ಅಣಬೆಗೆ 20ರಿಂದ 28 ಡಿಗ್ರಿ ಮತ್ತು ಶೇ. 80ಕ್ಕೆ ಮೀರಿದ ಗಾಳಿಯ ತೇವ ಸಾಕು. ಕೊಡಗಿನ ಮಳೆಗಾಲದಲ್ಲಿ ತೇವಕ್ಕೆ ಕೊರತೆ ಎಲ್ಲಿಯದು! ಕ್ರಮ ಸರಳವಾದುದು. ಹೊಸ ಭತ್ತದ ಹುಲ್ಲನ್ನು 2 ಅಂಗುಲದ ತುಂಡುಗಳಾಗಿ ಕತ್ತರಿಸಿ ರಾತ್ರಿಯಿಡೀ ನೆನೆಸಿ, 80 ಡಿಗ್ರಿಯ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟು ಬಸಿಯಬೇಕು. ಹಿಡಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು. ಬೀಜವನ್ನು ಪದರ ಪದರವಾಗಿ ಹಾಕಿ ಪಾಲಿಥೀನ್ ಚೀಲ ಕಟ್ಟಿ, ಅಲ್ಲಲ್ಲಿ ಚುಚ್ಚಿ, ಕತ್ತಲ ಕೋಣೆಯಲ್ಲಿ 15ರಿಂದ 20 ದಿನ ಬಿಟ್ಟರೆ ಚೀಲ ಪೂರ್ತಿ ಬೆಳ್ಳಗಾಗುತ್ತದೆ. ಬಳಿಕ ಬೆಳಕು ಗಾಳಿ ಕೊಟ್ಟು ನೀರು ಸಿಂಪಡಿಸಿದರೆ ಒಂದು ವಾರದೊಳಗೆ ಮೊದಲ ಕೊಯ್ಲು. ಒಂದು ಕಿಲೋ ಒಣಹುಲ್ಲಿಗೆ ಅರ್ಧದಿಂದ ಮುಕ್ಕಾಲು ಕಿಲೋ ಅಣಬೆ ನಿರೀಕ್ಷಿಸಬಹುದು. ಹತ್ತೂ ಚೀಲವನ್ನು ಒಂದೇ ದಿನ ಕಟ್ಟದೆ ವಾರಕ್ಕೆ ಎರಡರಂತೆ ಕಟ್ಟಿದ್ದರೆ ಆ ತಾಯಿಯ ಅಣಬೆ ಗುಂಡಿಗೆ ಹೋಗುತ್ತಿರಲಿಲ್ಲ. ಇದನ್ನು ನಾವು ಮೊದಲೇ ಹೇಳಬೇಕಾಗಿತ್ತು.

ಅಂಚು ಮೇಲಕ್ಕೆ ಸುರುಳುವ ಮುನ್ನ, ನೀರು ಸಿಂಪಡಿಸುವುದಕ್ಕೆ ಮೊದಲು ಕೊಯ್ಯಬೇಕು. ಹೆಚ್ಚು ಬಲಿತರೆ ಬಿಳಿಯ ಪುಡಿ ಉದುರಿ ಕೋಣೆಯಲ್ಲಿ ಕೆಲಸ ಮಾಡುವವರಿಗೆ ಕೆಮ್ಮು ಬರುತ್ತದೆ.

ಅಡುಗೆಯ ಕ್ರಮ

ಆರು ಮಂದಿಗೆ ಮಾಂಸ ಅರ್ಧ ಕಿಲೋ, ಅಣಬೆ ಅರ್ಧ ಕಿಲೋ, ಈರುಳ್ಳಿ 3, ಬೆಳ್ಳುಳ್ಳಿ 6 ಎಸಳು, ಆಗ ತಾನೆ ಕುಟ್ಟಿದ ಕರಿಮೆಣಸು 1 ಟೀ ಚಮಚ, ಅರೆದ ಸಾಸಿವೆ ಅರ್ಧ ಟೀ ಚಮಚ, ಅಕ್ಕಿಹಿಟ್ಟು ಅಥವಾ ಗೋಧಿಹಿಟ್ಟು 1 ದೊಡ್ಡ ಚಮಚ, ಕೆನೆ 1 ಲೋಟದಷ್ಟು, ಬೆಣ್ಣೆ ಅಥವಾ ಎಣ್ಣೆ 3 ದೊಡ್ಡ ಚಮಚ, ಉಪ್ಪು ಬೇಕು. ಮೆಣಸಿನಪುಡಿ, ಗರಂ ಮಸಾಲೆ ಹಾಕಿದರೆ ಕೆನೆಯ ರುಚಿ ಮುಚ್ಚಿಹೋಗುತ್ತದೆ. ನಮ್ಮ ತೋಟದ ಕರಿಮೆಣಸೇ ಇದಕ್ಕೆ ತಕ್ಕ ಖಾರ.

ಮಾಂಸವನ್ನು ಬೆನ್ನಿನ ಭಾಗದಿಂದ, ಕೊಬ್ಬು ಚರ್ಮ ಬಿಡಿಸಿ ತರಬೇಕು. ಫ್ರಿಜ್ಜಿನ ಮಂಜಿನ ಖಾನೆಯಲ್ಲಿ ಅರ್ಧ ಗಂಟೆ ಇಟ್ಟರೆ ಗಟ್ಟಿಯಾಗಿ ತೆಳ್ಳಗೆ ಕೊಯ್ಯಲು ಬರುತ್ತದೆ. ನಾರು ಯಾವ ಕಡೆ ಓಡಿದೆಯೆಂದು ನೋಡಿ ಅದಕ್ಕೆ ಅಡ್ಡಲಾಗಿ ಕೊಯ್ದು, ಬೆರಳುದ್ದದ ಸೀಳುಗಳನ್ನಾಗಿ ಮಾಡಬೇಕು. ನಾರಿನುದ್ದಕ್ಕೆ ಕೊಯ್ದರೆ ಎಷ್ಟು ಬೇಯಿಸಿದರೂ ಹಗ್ಗ ಅಗಿದಂತೆ. ತೊಡೆ, ಭುಜದ ಮಾಂಸವಾದರೆ ಅಥವಾ ವಯಸ್ಸಾದ ಪ್ರಾಣಿಯದಾದರೆ ಹುರಿದರೆ ಸಾಲದು. ಸ್ವಲ್ಪ ನೀರು ಹಾಕಿ ಮುಚ್ಚಿ ಸಣ್ಣ ಉರಿಯಲ್ಲಿ ಮೊದಲೇ ಮೆತ್ತಗಾಗಿಸಿಕೊಳ್ಳಬೇಕು. ಎತ್ತರದ ಊರುಗಳಲ್ಲಿ ನೀರು 100 ಡಿಗ್ರಿಗೆ ಮೊದಲೇ ಕುದಿಯುವುದರಿಂದ, ಮಡಿಕೇರಿಯಲ್ಲಿ ಸುಮಾರು 96ಕ್ಕೆ, ಇದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ. ಪ್ರೆಷರ್ ಕುಕ್ಕರ್ ಇದ್ದರೆ ಆ ತೊಂದರೆ ಇಲ್ಲ.

ಹೊರನಾಡುಗಳಲ್ಲಿ ಈ ಮಾಂಸವನ್ನು ಒಳಗೆ ಕೆಂಪು ಉಳಿಯುವಂತೆ ಬೇಯಿಸುವುದುಂಟು. ಹಂದಿಮಾಂಸಕ್ಕೆ ಆ ಪದ್ಧತಿ ಖಂಡಿತ ಕೂಡದು. ಬಯಲಲ್ಲಿ ಮೇಯ್ದ ಹಂದಿಯಲ್ಲಿ ಲಾಡಿಹುಳುವಿನ ಗುಳ್ಳೆಗಳಿರಬಹುದು. ಅಕ್ಕಿಕಾಳಿನಂಥ ಬಿಳಿ ಗುಳ್ಳೆ ಕಂಡ ಮಾಂಸವನ್ನು ಕೊಳ್ಳಲೇಬಾರದು. ಕಾಣದಿದ್ದರೂ ಕೆಂಪು ಪೂರ್ತಿ ಹೋಗುವವರೆಗೆ ಬೇಯಿಸಬೇಕು.

ಇನ್ನು ಹುರಿಯುವುದು. ಹೆಚ್ಚಿನವರು ಎಡವುವುದು ಇಲ್ಲೇ. ಅಣಬೆ, ಮಾಂಸ, ಈರುಳ್ಳಿ ಎಲ್ಲವನ್ನೂ ಒಮ್ಮೆಗೇ ಬಾಣಲೆಗೆ ಸುರಿದು ಮುಚ್ಚಿಬಿಟ್ಟರೆ, ಬಿಟ್ಟ ನೀರಿನಲ್ಲಿ ಎಲ್ಲವೂ ಬೆಂದು ಬೂದು ಬಣ್ಣಕ್ಕೆ ತಿರುಗುತ್ತದೆ. ನೀರಿರುವ ತನಕ ಬಾಣಲೆಯ ಶಾಖ ಕುದಿಬಿಂದು ದಾಟುವುದಿಲ್ಲ. ಕಂದು ಬಣ್ಣ, ಹುರಿದ ಘಮ ಬರಬೇಕಾದರೆ ಸುಮಾರು 140 ಡಿಗ್ರಿ ಬೇಕು. ಆದುದರಿಂದ ಅಗಲ ಬಾಯಿಯ, ದಪ್ಪ ತಳದ ಬಾಣಲೆಯನ್ನು ಚೆನ್ನಾಗಿ ಕಾಯಿಸಿ, ಮಾಂಸವನ್ನು ಎರಡು ಮೂರು ಸಲಕ್ಕೆ ಹಂಚಿ, ಒಂದರ ಮೇಲೊಂದು ಬೀಳದಂತೆ ಹರಡಿ, ದೊಡ್ಡ ಉರಿಯಲ್ಲಿ ಕಂದು ತಿರುಗಿಸಿ ತೆಗೆದಿಡಬೇಕು.

ಅದೇ ಬಾಣಲೆಗೆ ಅಣಬೆ. ಚಿಪ್ಪು ಅಣಬೆಯನ್ನು ಚಾಕುವಿನಿಂದ ಕೊಯ್ಯದೆ ಪದರದ ಉದ್ದಕ್ಕೆ ಕೈಯಲ್ಲೇ ಹರಿಯಬೇಕು. ಬುಡದ ಗಟ್ಟಿ ಭಾಗ ತೆಗೆಯಬೇಕು. ನೀರಿನಲ್ಲಿ ನೆನೆಹಾಕದೆ ಬೇಗ ತೊಳೆದು ಬಟ್ಟೆಯ ಮೇಲೆ ಹರಡಬೇಕು. ಮುಚ್ಚಳ ಮುಚ್ಚಬಾರದು, ಮೊದಲೇ ಉಪ್ಪು ಹಾಕಲೂಬಾರದು. ನೀರು ಬಿಟ್ಟು, ಆ ನೀರು ಇಂಗಿ, ಅಂಚು ಕೆಂಪಾಗುವವರೆಗೆ ಹುರಿಯಬೇಕು. ಅರ್ಧ ಕಿಲೋ ಅಣಬೆ ಒಂದು ಬಟ್ಟಲಿಗೆ ಇಳಿಯುವುದನ್ನು ನೋಡಿ ಗಾಬರಿಯಾಗಬೇಕಿಲ್ಲ. ಹೆಚ್ಚು ಹುರಿದರೆ ಕರಗಿಹೋದೀತೆಂಬ ಭಯವೂ ಬೇಡ. ತರಕಾರಿಯ ಜೀವಕೋಶದ ಗೋಡೆ ಶಾಖಕ್ಕೆ ಸಡಿಲವಾಗುತ್ತದೆ. ಅಣಬೆಯ ಗೋಡೆಯಲ್ಲಿರುವುದು ಕೈಟಿನ್, ಅಂದರೆ ಸಿಗಡಿಯ ಚಿಪ್ಪಿನಲ್ಲಿರುವ ವಸ್ತು. ಅದು ಗಂಟೆಗಟ್ಟಲೆ ಬೇಯಿಸಿದರೂ ಕರಗದು. ಹಸಿ ಅಣಬೆ ಜೀರ್ಣವಾಗುವುದು ಕಷ್ಟ ಎನ್ನುವುದೂ ಇದರಿಂದಲೇ.

ಅಣಬೆಯನ್ನು ಪಕ್ಕಕ್ಕೆ ತೆಗೆದು ಉಳಿದ ಬೆಣ್ಣೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ, ಹಿಟ್ಟು ಉದುರಿಸಿ ಹಸಿ ವಾಸನೆ ಹೋಗುವವರೆಗೆ ಕೈಯಾಡಿಸಬೇಕು. ಒಂದೂವರೆ ಲೋಟ ಬಿಸಿನೀರು ಅಥವಾ ಮೂಳೆ ಬೇಯಿಸಿದ ನೀರು ಹಾಕಿ, ತಳಕ್ಕೆ ಅಂಟಿದ ಕಂದು ಪದರವನ್ನು ಸೌಟಿನಿಂದ ಕೆರೆದು ಕರಗಿಸಬೇಕು. ರುಚಿಯೆಲ್ಲ ಆ ಪದರದಲ್ಲೇ ಇರುವುದು. ರಸ ಗಟ್ಟಿಯಾದೊಡನೆ ಮಾಂಸ, ಅಣಬೆ, ಸಾಸಿವೆ, ಮೆಣಸು, ಉಪ್ಪು ಸೇರಿಸಿ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಬೇಯಲು ಬಿಡಬೇಕು.

ಕೆನೆ ಏಕೆ ಒಡೆಯುತ್ತದೆ?

ಮೊದಲ ಸಲ ನಾನು ಮನೆಯಲ್ಲಿ ಮಾಡಿದಾಗ ಕೆನೆ ಸುರಿದು, ಕೊಡಗಿನ ಅಡುಗೆಗೆ ಕಾಚಂಪುಳಿ ಇಲ್ಲದಿದ್ದರೆ ಹೇಗೆಂದು ಒಂದು ಚಮಚ ಅದನ್ನೂ ಹಾಕಿ, ದೊಡ್ಡ ಉರಿಯಲ್ಲಿ ಕುದಿಸಿದೆ. ಎರಡು ನಿಮಿಷದಲ್ಲಿ ರಸ ಒಂದು ಕಡೆ, ಬಿಳಿಯ ಚೂರುಗಳು ಒಂದು ಕಡೆ. ನನ್ನ ಹೆಂಡತಿ ಇಣುಕಿ ನೋಡಿ, "ಪನೀರು ಬೇಕಿದ್ದರೆ ಮೊದಲೇ ಹೇಳಬಾರದಿತ್ತೇ?" ಎಂದಳು.

ಆಕೆ ಹೇಳಿದ್ದು ಸರಿಯೇ. ಮಣ್ಣು ಪರೀಕ್ಷೆಯ ವರದಿಯಲ್ಲಿ ನೀವು ನೋಡುವ ರಸಸಾರ ಹಾಲಿಗೂ ಉಂಟು. ತಾಜಾ ಹಾಲಿನ ರಸಸಾರ ಸುಮಾರು 6.6. ಅದು 4.6ಕ್ಕೆ ಇಳಿದರೆ ಹಾಲಿನ ಕೇಸಿನ್ ಎಂಬ ಸಸಾರಜನಕ ಗಟ್ಟಿಯಾಗಿ ಬೇರ್ಪಡುತ್ತದೆ. ಬಿಸಿಯಾಗಿದ್ದರೆ ಅಷ್ಟು ಇಳಿಯುವ ತನಕವೂ ಕಾಯುವುದಿಲ್ಲ. ಹುಳಿಯೂ ಕುದಿಯೂ ಒಟ್ಟಿಗೆ ಬಂದರೆ ಒಡೆಯುವುದು ಖಂಡಿತ. ಕೊಬ್ಬು ಹೆಚ್ಚಿದ್ದಷ್ಟೂ ಕೇಸಿನ್ ಪಾಲು ಕಡಿಮೆ, ಒಡೆಯುವ ಭಯವೂ ಕಡಿಮೆ. ಪೊಟ್ಟಣದ ಕೆನೆಯಲ್ಲಿ ಸಾಮಾನ್ಯವಾಗಿ ಶೇ. 25ರಷ್ಟು ಕೊಬ್ಬಿರುತ್ತದೆ, ಅದು ಸುಲಭ. ಮನೆಯ ಹಾಲಿನ ಕೆನೆಯಾದರೆ ಎರಡು ದಿನದ್ದನ್ನು ಕೂಡಿಸಿ, ಉಗುರು ಬೆಚ್ಚಗೆ ಮಾಡಿ, ಒಂದು ಟೀ ಚಮಚ ಮಜ್ಜಿಗೆ ಹಾಕಿ ರಾತ್ರಿ ಇಟ್ಟರೆ ಬೆಳಗ್ಗೆ ಒಳ್ಳೆಯ ಹುಳಿ ಕೆನೆ ಸಿದ್ಧ. ಗಂಟಿಲ್ಲದಂತೆ ಕಡೆಯಬೇಕು, ಆದರೆ ಬೆಣ್ಣೆ ಏಳುವಷ್ಟಲ್ಲ. ಕೆನೆಯೇ ಇಲ್ಲದಿದ್ದರೆ ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಮೊಸರಿಗೆ ಒಂದು ಚಮಚ ಅಕ್ಕಿಹಿಟ್ಟು ಕದಡಿ ಬಳಸಬಹುದು. ಹಿಟ್ಟಿನ ಅಂಟು ಕೇಸಿನ್ ಕಣಗಳು ಒಂದಕ್ಕೊಂದು ಕೂಡಿಕೊಳ್ಳದಂತೆ ತಡೆಯುತ್ತದೆ.

ಹಾಕುವ ರೀತಿ ಹೀಗೆ. ಒಲೆಯ ಉರಿ ತಗ್ಗಿಸಿ, ಬಾಣಲೆಯ ಬಿಸಿ ರಸವನ್ನು ಎರಡು ಸೌಟು ಕೆನೆಯ ಪಾತ್ರೆಗೆ ಹಾಕಿ ಕಲಸಬೇಕು. ಕೆನೆ ಬೆಚ್ಚಗಾದ ಮೇಲೆ ಅದನ್ನು ನಿಧಾನವಾಗಿ ಬಾಣಲೆಗೆ ಸುರಿಯಬೇಕು. ಮತ್ತೆ ಕುದಿ ಬರಬಾರದು. ಅಂಚಿನಲ್ಲಿ ಹಬೆ ಆಡಿದರೆ ಇಳಿಸಿಬಿಡಬೇಕು.

ಕಾಚಂಪುಳಿ ಬೇಕೆನ್ನುವವರು ಅರ್ಧ ಟೀ ಚಮಚವನ್ನು ಮಾಂಸ ಬೇಯುವಾಗಲೇ, ಕೆನೆಗೆ ಹತ್ತು ನಿಮಿಷ ಮುಂಚೆ ಹಾಕಬೇಕು. ಪಣಪುಳಿ ಹಣ್ಣಿನ ರಸವನ್ನು ಕಪ್ಪಗೆ ಬತ್ತಿಸಿ ಮಾಡಿದ ಇದರ ಹುಳಿ ಬಲು ತೀಕ್ಷ್ಣ. ಹಂದಿಮಾಂಸಕ್ಕೆ ಇದು ಒಪ್ಪುವಂತೆ ನಿಂಬೆರಸ ಒಪ್ಪದು ಎಂಬುದು ನನ್ನ ಅಭಿಪ್ರಾಯ. ಆದರೆ ಕಾಚಂಪುಳಿ ಹಾಕಿದ ದಿನ ಮೊಸರು ಅಥವಾ ಹುಳಿ ಕೆನೆ ಬೇಡ, ಸಿಹಿ ಕೆನೆಯೇ ಇರಲಿ.

ಹಾಲಿನ ಪದಾರ್ಥ ಹಿಡಿಸದವರ ಮನೆಯಲ್ಲಿ ತೆಂಗಿನ ಹಾಲು ಬಳಸಬಹುದು. ಒಂದು ಕಾಯಿಯ ತುರಿಯಿಂದ ಮೊದಲು ಹಿಂಡಿದ ಗಟ್ಟಿ ಹಾಲನ್ನು ಕೊನೆಗೆ ಇಟ್ಟುಕೊಂಡು, ಎರಡನೆಯ ತೆಳು ಹಾಲನ್ನು ನೀರಿನ ಬದಲು ಹಾಕಬೇಕು. ಗಟ್ಟಿ ಹಾಲನ್ನು ಕುದಿಸಿದರೆ ಎಣ್ಣೆ ಬಿಡುತ್ತದೆ. ಅದಕ್ಕೂ ಕೆನೆಯ ನಿಯಮವೇ.

ರಷ್ಯಾದಲ್ಲಿ ಇದನ್ನು ಹುರಿದ ಆಲೂಗಡ್ಡೆಯೊಡನೆ ಕೊಡುತ್ತಾರೆ, ಬೇರೆ ಕಡೆ ಗೋಧಿಯ ಎಳೆಗಳೊಡನೆ. ನಮಗೆ ನೂಪುಟ್ಟು ಇರುವಾಗ ಅದನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅಕ್ಕಿ ರೊಟ್ಟಿಗೂ ಆಗುತ್ತದೆ. ಕಡಂಬುಟ್ಟಿಗೆ ರಸ ಸ್ವಲ್ಪ ತೆಳ್ಳಗಿರಬೇಕು.

ಮಾದಾಪುರಕ್ಕೆ ಎರಡನೆಯ ಸಲ ಹೋದಾಗ ಈ ಅಡುಗೆಯನ್ನು ಅಲ್ಲೇ ಮಾಡಿ ಬಡಿಸಿದೆವು. ಆ ತಾಯಿ ಎರಡು ಸಲ ಹಾಕಿಸಿಕೊಂಡರು. "ಚೆನ್ನಾಗಿದೆ ಸಾರ್. ಆದರೂ ನಮ್ಮ ಕುಮ್ಮಿನ ಹಾಗಲ್ಲ" ಎಂದರು. ಈ ವರ್ಷ ವಾರಕ್ಕೆ ಎರಡು ಚೀಲದಂತೆ ಕಟ್ಟುತ್ತಿದ್ದಾರಂತೆ.

ಹೆಚ್ಚಿಗೆ ಬಂದ ಅಣಬೆಯನ್ನು ಮಳೆಗಾಲದಲ್ಲಿ ಬಿಸಿಲಿಗೆ ಕಾಯದೆ, ಒಲೆಯ ಮೇಲಿನ ಅಟ್ಟದಲ್ಲಿ ಮೊರದ ಮೇಲೆ ಹರಡಿ, ಮುರಿದರೆ ಪಟ್ಟೆನ್ನುವವರೆಗೆ ಒಣಗಿಸಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಬಹುದು. ಹತ್ತು ಕಿಲೋ ಹಸಿ ಅಣಬೆ ಸುಮಾರು ಒಂದು ಕಿಲೋಗೆ ಇಳಿಯುತ್ತದೆ. ಬಳಸುವಾಗ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಆ ನೀರನ್ನು ಚೆಲ್ಲದೆ ಸೋಸಿ ರಸಕ್ಕೆ ಹಾಕಬೇಕು. ಮಾಡಿದ ಅಡುಗೆ ಉಳಿದರೆ ತಣ್ಣಗಾದೊಡನೆ ಫ್ರಿಜ್ಜಿನಲ್ಲಿಟ್ಟು ಮರುದಿನವೇ ಮುಗಿಸಬೇಕು. ಆಗ ಹಬೆಯಾಡುವಷ್ಟು ಚೆನ್ನಾಗಿ ಬಿಸಿ ಮಾಡಬೇಕು. ಮಾಂಸದ ಅಡುಗೆಯಾದ್ದರಿಂದ ಬರಿಯ ಬೆಚ್ಚಗೆ ಮಾಡಿದರೆ ಸಾಲದು, ಎರಡನೆಯ ದಿನ ಕೆನೆ ತುಸು ಒಡೆದರೆ ಒಡೆಯಲಿ.